ಎಂಟು ಪುಟದ ಸೂಪರ್‌ಹೀರೋ ಕಥೆ: ನಾನು ಕಟ್ಟುವ ಬಗೆ

ಕಾಮಿಕ್ಸ್‌ಗೆ ಹೊಸ ಸೂಪರ್‌ಹೀರೋ ಕಟ್ಟಲು ಕೂತಾಗ ಕೈ ಮೊದಲು ಓಡುವುದು ಶಕ್ತಿಗಳ ಪಟ್ಟಿಯ ಕಡೆಗೆ. ಹಾರುತ್ತಾನೆ, ಗೋಡೆ ದಾಟಿ ನೋಡುತ್ತಾನೆ, ಗುಂಡು ತಾಗುವುದಿಲ್ಲ. ಈ ಪಟ್ಟಿಯನ್ನು ನಾನು ಕೊನೆಗೆ ತಳ್ಳುತ್ತೇನೆ. ಅದು ಖಳನಿಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ, ಹಾಗಾಗಿ ಅದರಿಂದ ಹೀರೋ ಎಂಥವನು ಅನ್ನುವುದು ತಿಳಿಯುವುದಿಲ್ಲ. ಮೊದಲು ಬೇಕಾದದ್ದು ಒಂದೇ ಸಾಲು: ಈ ಮನುಷ್ಯ ಯಾರಿಗಾಗಿ ಏನನ್ನು ಕಳೆದುಕೊಳ್ಳಲು ಒಪ್ಪುತ್ತಾನೆ? ಅದು ಸಿಗುವವರೆಗೆ ನಾನು ಪೆನ್ಸಿಲ್ ಮುಟ್ಟುವುದಿಲ್ಲ.

ಸ್ಪೈಡರ್‌ಮ್ಯಾನ್‌ನ ಮೊದಲ ಕಥೆ ಈ ವಿಷಯದಲ್ಲಿ ನನಗೆ ಪಠ್ಯಪುಸ್ತಕ. ಅದು ಬಂದದ್ದು 1962ರ ಆಗಸ್ಟ್ ಸಂಚಿಕೆಯಲ್ಲಿ. ಬರಹಗಾರ ಸ್ಟಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ 11 ಪುಟಗಳಲ್ಲಿ ಅದನ್ನು ಮುಗಿಸಿದ್ದಾರೆ. ಜೇಡ ಕಚ್ಚಿದ್ದು, ಗೋಡೆ ಹತ್ತಿದ್ದು, ವೇಷ ತೊಟ್ಟಿದ್ದು ಎಲ್ಲ ಆದ ಮೇಲೂ ಪೀಟರ್ (ಸ್ಪೈಡರ್‌ಮ್ಯಾನ್‌ನ ನಿಜ ಹೆಸರು) ಹೀರೋ ಅಲ್ಲ, ಟಿವಿಯಲ್ಲಿ ಕಸರತ್ತು ತೋರಿಸಿ ದುಡ್ಡು ಮಾಡಲು ಹೊರಟ ಹುಡುಗ. ಎದುರಿಗೆ ಓಡಿಬಂದ ಕಳ್ಳನನ್ನು ತಡೆಯದೆ ಬಿಡುತ್ತಾನೆ. ತನ್ನನ್ನು ಸಾಕಿದ ಅಂಕಲ್ ಬೆನ್‌ರನ್ನು ಕೊಂದವನು ಅದೇ ಕಳ್ಳ ಎಂದು ಅವನಿಗೆ ಗೊತ್ತಾಗುವ ಹೊತ್ತಿಗೆ ಕಥೆ ಮುಗಿಯುತ್ತ ಬಂದಿರುತ್ತದೆ. ದೊಡ್ಡ ಶಕ್ತಿಯ ಜೊತೆ ದೊಡ್ಡ ಜವಾಬ್ದಾರಿಯೂ ಬರುತ್ತದೆ ಎಂಬ, ಎಲ್ಲರಿಗೂ ಗೊತ್ತಿರುವ ಆ ಮಾತು ಅಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ, ಕಡೆಯ ಪ್ಯಾನೆಲ್‌ನ, ಅಂದರೆ ಪುಟದ ಕಡೆಯ ಚಿತ್ರಚೌಕಟ್ಟಿನ, ನಿರೂಪಣೆಯಲ್ಲಿದೆ. ಪೆಟ್ಟು ಬಿದ್ದ ಮೇಲೆ ಬರುವುದರಿಂದಲೇ ಅದು ಉಪದೇಶ ಅನಿಸುವುದಿಲ್ಲ.

ನನ್ನ ವಿಧಾನವನ್ನು ಒಂದು ಪಾತ್ರದ ಮೇಲೆಯೇ ತೋರಿಸುತ್ತೇನೆ. ಕೈಗಡಿಯಾರ ರಿಪೇರಿ ಮಾಡುವ ಒಬ್ಬ ಹೆಂಗಸು. ಬೆರಳ ತುದಿಯ ಸ್ಪರ್ಶವೇ ಅವಳ ಅನ್ನ. ನನ್ನ ಮೊದಲ ಸಾಲು: ಅಷ್ಟಾಗಿ ಪರಿಚಯವಿಲ್ಲದ ಜನರಿಗಾಗಿ ಅವಳು ಆ ಸ್ಪರ್ಶವನ್ನು ಬಿಟ್ಟುಕೊಡುತ್ತಾಳೆ. ಶಕ್ತಿಯನ್ನು ಈ ಸಾಲಿನಿಂದ ಹೊರಡಿಸಬೇಕು. ಅಂಗೈ ತಾಗಿಸಿದರೆ ಚಲಿಸುತ್ತಿರುವ ಯಾವುದೇ ವಸ್ತು ನಿಲ್ಲುತ್ತದೆ. ಮಿತಿ 12 ಸೆಕೆಂಡ್, ಒಂದು ಸಲಕ್ಕೆ ಒಂದೇ ವಸ್ತು. ಕೈ ತೆಗೆದ ಕೂಡಲೇ ವಸ್ತು ಮೊದಲಿನ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. 12 ದಾಟಿ ಹಿಡಿದರೆ ಆ ವೇಗವೆಲ್ಲ ಅವಳ ಕೈಯೊಳಗೆ ಇಳಿದು ಮುಗಿಯುತ್ತದೆ, ಬೆರಳು ಮರಗಟ್ಟುತ್ತದೆ, ಮತ್ತೆ ಸರಿಹೋಗುವುದಿಲ್ಲ. ಅಂದರೆ ಈ ಶಕ್ತಿ ಅಪಾಯವನ್ನು ಮುಂದೂಡುತ್ತದೆ ಅಷ್ಟೇ. ಅಪಾಯ ತಪ್ಪಿಸಲು ಅವಳೇ ತೆರಬೇಕು. ಆಯ್ಕೆಗೆ ಜಾಗ ಹುಟ್ಟುವುದು ಇಲ್ಲಿ.

ಮಿತಿಯನ್ನು ಅಂಕಿಯಲ್ಲೇ ಬರೆಯಿರಿ. "ತುಂಬಾ ಬಲಶಾಲಿ" ಎಂದು ಬರೆದರೆ ಆ ಬಲ ಪುಟದಿಂದ ಪುಟಕ್ಕೆ ಬೆಳೆಯುತ್ತ ಹೋಗುತ್ತದೆ. 1938ರಲ್ಲಿ ಬಂದಾಗ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ನೆಗೆಯುತ್ತಿದ್ದ. ಫಿರಂಗಿಯ ಶೆಲ್ ಸಿಡಿದರೆ ಅವನ ಚರ್ಮಕ್ಕೂ ತಡೆಯುತ್ತಿರಲಿಲ್ಲ. ಬರಬರುತ್ತ ಶಕ್ತಿ ಬೆಳೆದಂತೆ ಅವನನ್ನು ಕಷ್ಟಕ್ಕೆ ಸಿಕ್ಕಿಸುವುದೇ ಕಷ್ಟವಾಯಿತು. 1943ರಲ್ಲಿ ರೇಡಿಯೋ ಸರಣಿಗೆ, 1949ರಲ್ಲಿ ಕಾಮಿಕ್ಸ್‌ಗೆ ಬಂದ ಕ್ರಿಪ್ಟೊನೈಟ್, ಅಂದರೆ ಅವನ ಶಕ್ತಿ ಕುಂದಿಸುವ ಕಲ್ಲು, ಹೊರಗಿನಿಂದ ತಂದು ಸೇರಿಸಿದ ಮಿತಿ. ಅಂಥ ಕಲ್ಲನ್ನು ಪ್ರತಿ ಸಲವೂ ಯಾರಾದರೂ ಹೊತ್ತು ತರಬೇಕು. ಮಿತಿ ಶಕ್ತಿಯೊಳಗೇ ಇದ್ದರೆ ಆ ತಾಪತ್ರಯವಿಲ್ಲ.

ಅಂಕಿ ಗೊತ್ತಾದ ಮೇಲೆ ಓದುಗನ ಪರವಾಗಿ ನಾನೇ ಜಗಳಕ್ಕೆ ನಿಲ್ಲುತ್ತೇನೆ. ನನ್ನ ಕಥೆಯಲ್ಲಿ ಅವಳು ನಿಲ್ಲಿಸಬೇಕಾದದ್ದು ಒಂದು ಬಸ್ಸು. ಗಂಟೆಗೆ 36 ಕಿಲೋಮೀಟರ್ ವೇಗದ ಆ ಬಸ್ಸು ತಟ್ಟನೆ ನಿಂತರೆ ಒಳಗಿದ್ದವರ ಗತಿ? ಅವರು ಸೆಕೆಂಡಿಗೆ 10 ಮೀಟರ್ ವೇಗದಲ್ಲೇ ಮುಂದಿನ ಗಾಜಿಗೆ ಅಪ್ಪಳಿಸುತ್ತಾರೆ. 1973ರಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತ ಸಂಚಿಕೆ ಇದೇ ಪ್ರಶ್ನೆಯ ಮೇಲೆ ನಿಂತಿದೆ. ಸೇತುವೆಯಿಂದ ಬೀಳುತ್ತಿದ್ದವಳನ್ನು ಸ್ಪೈಡರ್‌ಮ್ಯಾನ್ ಬಲೆ ಬೀಸಿ ಹಿಡಿಯುತ್ತಾನೆ. ಕುತ್ತಿಗೆಯ ಪಕ್ಕದಲ್ಲಿ ಲಟಕ್ಕೆಂದ ಸದ್ದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನನ್ನ ಕಥೆಗೆ ಆ ದುರಂತ ಬೇಡ, ಹಾಗಾಗಿ ಒಂದು ನಿಯಮ ಸೇರಿಸುತ್ತೇನೆ: ವಸ್ತುವಿನ ಜೊತೆಗೆ ಅದರೊಳಗಿನವರ ವೇಗವೂ ನಿಲ್ಲುತ್ತದೆ, ಅವರು ಇಳಿದು ಓಡಬಹುದು. ಸೆಕೆಂಡಿಗೆ ಒಬ್ಬರಂತೆ ಬಾಗಿಲಿನಿಂದ ಇಳಿದರೂ 12 ಜನ. ಬಸ್ಸಿನಲ್ಲಿ 30 ಜನ. ಲೆಕ್ಕ ಕೂಡುವುದಿಲ್ಲ, ಕೂಡಬಾರದು.

ಆದರೆ ಈ ಶಕ್ತಿ ನಡೆಯುವ ಬಗೆಯನ್ನು ಓದುಗನಿಗೆ ಮೊದಲೇ ಕಲಿಸಿರಬೇಕು. 2ನೇ ಪುಟದಲ್ಲಿ ಮೇಜಿನಿಂದ ಗಾಜಿನ ಲೋಟ ಬೀಳುತ್ತದೆ, ಅಂಗೈ ತಾಗಿಸುತ್ತಾಳೆ, ಲೋಟ ಗಾಳಿಯಲ್ಲಿ ನಿಲ್ಲುತ್ತದೆ, ಎಣಿಸುತ್ತಾಳೆ, ಕೈ ತೆಗೆಯುತ್ತಾಳೆ, ಒಡೆಯುತ್ತದೆ. ನಾಲ್ಕು ಪ್ಯಾನೆಲ್ ಸಾಕು, ವಿವರಣೆ ಬೇಡ. ಇದನ್ನು ಬಿಟ್ಟು ನೇರ ಬಸ್ಸಿಗೆ ಹೋದರೆ ನಿಯಮವನ್ನೆಲ್ಲ ಅವಸರದ ನಡುವೆ ಬಲೂನಿನಲ್ಲಿ (ಪಾತ್ರದ ಮಾತು ಬರೆಯುವ ಗುಳ್ಳೆ) ತುರುಕಬೇಕಾಗುತ್ತದೆ. ಬಸ್ಸಿನಲ್ಲಿರುವ ಒಬ್ಬರನ್ನಾದರೂ 1ನೇ ಪುಟದಲ್ಲೇ ಪರಿಚಯಿಸುತ್ತೇನೆ: ಅಪ್ಪನ ಹಳೆಯ ಗಡಿಯಾರ ರಿಪೇರಿಗೆ ತಂದ ಹುಡುಗ. ಮುಖವಿಲ್ಲದ ಜನಜಂಗುಳಿಯನ್ನು ಎಷ್ಟು ಸಲ ಉಳಿಸಿದರೂ ಓದುಗನಿಗೆ ಏನೂ ಅನಿಸುವುದಿಲ್ಲ. ಊರಿಗೆ ಊರೇ ಉರುಳುವ ದೊಡ್ಡ ಸಿನಿಮಾಗಳ ಕೊನೆಯ ಅರ್ಧ ಗಂಟೆ ಬೇಸರ ತರಿಸುವುದು ಬಹಳ ಸಲ ಇದೇ ಕಾರಣಕ್ಕೆ.

ಪುಟ ಹಂಚುವಾಗ ನೆನಪಿಡಬೇಕಾದ್ದು ಪುಟ ತಿರುವುವ ಜಾಗ. ಅಚ್ಚಾದ ಪುಸ್ತಕದಲ್ಲಿ ಬೆಸ ಸಂಖ್ಯೆ ಬಲಕ್ಕೆ, ಸಮ ಸಂಖ್ಯೆ ಎಡಕ್ಕೆ. ಆದ್ದರಿಂದ 3, 5, 7ನೇ ಪುಟಗಳ ಕಡೆಯ ಪ್ಯಾನೆಲ್‌ನಲ್ಲಿ ಪ್ರಶ್ನೆ ಬಿಟ್ಟು, ಉತ್ತರವನ್ನು 4, 6, 8ರ ತಲೆಯಲ್ಲಿ ಇಡುತ್ತೇನೆ. 3ರ ಕೊನೆಗೆ ಚಾಚಿದ ಅಂಗೈ. 4ರ ಮೇಲರ್ಧ ಪೂರ್ತಿ ನಿಂತ ಬಸ್ಸು, ಕೆಳಗೆ ಮೂರು ಸಣ್ಣ ಪ್ಯಾನೆಲ್, ಮೂಲೆಯಲ್ಲಿ 1, 2, 3. 5ನೇ ಪುಟ ಮೂರು ಸಾಲು, ಮೂರು ಕಾಲಂ, ಒಟ್ಟು ಒಂಬತ್ತು ಸಮ ಪ್ಯಾನೆಲ್. 4ರಿಂದ 12ರವರೆಗೆ ಸೆಕೆಂಡಿಗೊಂದು. ಇಲ್ಲಿ ಅಳತೆ ಒಂದಿಷ್ಟೂ ಬದಲಾಗಬಾರದು, ಬದಲಾದರೆ ಗಡಿಯಾರದ ಬಿಗಿ ಸಡಿಲಾಗುತ್ತದೆ. 6ನೇ ಪುಟ ಒಂದೇ ಚಿತ್ರ, ಅಂಕಿ ಇಲ್ಲ: ಅವಳು ಕೈ ತೆಗೆದಿಲ್ಲ. ಫೋನಿನಲ್ಲಿ ಸ್ಕ್ರಾಲ್ ಮಾಡಿ ಓದುವ ಕಾಮಿಕ್ಸ್‌ಗೆ ಪುಟ ತಿರುವುವ ಜಾಗವೇ ಇಲ್ಲ. ಅಲ್ಲಿ ಒಂದು ತೆರೆಯಷ್ಟು ಖಾಲಿ ಬಿಟ್ಟು ಆಮೇಲೆ ಚಿತ್ರ ತೋರಿಸಬೇಕು.

ಇದೇ ದೃಶ್ಯ ಸಿನಿಮಾದಲ್ಲಾದರೆ 12 ಸೆಕೆಂಡ್ ಎಂದರೆ ಹೆಚ್ಚುಕಡಿಮೆ 12 ಸೆಕೆಂಡೇ. ಸ್ಲೋ ಮೋಷನ್‌ನಲ್ಲಿ ಒಂದಿಷ್ಟು ಎಳೆಯಬಹುದು, ಆದರೆ ನೋಡುವವನು ಪ್ಯಾನೆಲ್ ಮೇಲೆ ನಿಂತಂತೆ ನಿಲ್ಲಲಾರ. ಸಿನಿಮಾಗೆ ಇನ್ನೊಂದು ತೊಡಕು ಮುಖವಾಡ. ಆಯ್ಕೆಯ ಕ್ಷಣದಲ್ಲಿ ಮುಖ ಕಾಣಲೇಬೇಕು. 2008ರ ಐರನ್ ಮ್ಯಾನ್‌ನಲ್ಲಿ ಕ್ಯಾಮೆರಾವನ್ನು ಹೆಲ್ಮೆಟ್‌ನೊಳಗೇ ಇಟ್ಟಂತೆ ಮುಖ ತೋರಿಸಿದ್ದು ಇದಕ್ಕೆ ಸಿಕ್ಕ ಒಳ್ಳೆಯ ಉಪಾಯ.

ವೇಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಕೃತಿಯನ್ನು ಎರಡು ಸೆಂಟಿಮೀಟರ್ ಎತ್ತರಕ್ಕೆ ಇಳಿಸಿ ಪೂರ್ತಿ ಕಪ್ಪು ತುಂಬಿ. ಯಾರೆಂದು ಗೊತ್ತಾಗದಿದ್ದರೆ ಬಣ್ಣ ಹಚ್ಚಿ ಫಲವಿಲ್ಲ. ಮೂರು ಬಣ್ಣಕ್ಕಿಂತ ಹೆಚ್ಚು ಬೇಡ, ಮತ್ತು ಅಚ್ಚಿನಲ್ಲಿ ಪರೀಕ್ಷಿಸದೆ ಬಣ್ಣ ಖಾಯಂ ಮಾಡಬೇಡಿ. ಹಲ್ಕ್ 1962ರ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನು. ಮುದ್ರಣದಲ್ಲಿ ಆ ಬೂದು ಒಂದೇ ಸಮ ಬರಲಿಲ್ಲವೆಂದು ಎರಡನೇ ಸಂಚಿಕೆಗೆ ಹಸಿರಾದ. ನನ್ನ ಪಾತ್ರಕ್ಕೆ ಗ್ಲೌಸ್ ಇಲ್ಲ, ಯಾಕೆಂದರೆ ಅಂಗೈ ತಾಗಬೇಕು. ಬರಿಗೈಯೇ ಅವಳ ಗುರುತು.

ಅಕ್ಷರಕ್ಕೆ ಜಾಗ ಮೊದಲೇ ಬಿಡಿ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಬಲೂನಿಗೆ 25 ಪದದವರೆಗೆ ಹಿಡಿಸುತ್ತಾರೆ. ಕನ್ನಡದಲ್ಲಿ ನಾನು 15ಕ್ಕೆ ನಿಲ್ಲಿಸುತ್ತೇನೆ. ನಮ್ಮ ಪದಗಳು ಉದ್ದ, ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಅಂತರವೂ ಹೆಚ್ಚು ಬೇಕು. ಸಾಲು ಒತ್ತಿದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಿ ಓದಲು ತೊಡಕಾಗುತ್ತದೆ.

8ನೇ ಪುಟದಲ್ಲಿ ಅವಳು ಮತ್ತೆ ಮೇಜಿನ ಮುಂದೆ. ಚಿಮುಟದ ತುದಿಯಲ್ಲಿ ಒಂದು ಮಿಲಿಮೀಟರ್‌ನ ಸ್ಕ್ರೂ. ಮುಂದಿನ ಪ್ಯಾನೆಲ್‌ನಲ್ಲಿ ಚಿಮುಟ ಅಲ್ಲೇ ಇದೆ, ಸ್ಕ್ರೂ ಇಲ್ಲ. ಅವಳಿನ್ನೂ ಅದನ್ನು ಗಮನಿಸಿಲ್ಲ, ಏಕೆಂದರೆ ಬೆರಳಿಗೆ ತಿಳಿದಿಲ್ಲ. ಎರಡಕ್ಕೂ ಬಲೂನ್ ಹಾಕುವುದಿಲ್ಲ. ಕೈಯ ಕೋನ ಎರಡರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಕಣ್ಣು ಸ್ಕ್ರೂ ಬಿಟ್ಟು ಕೈಯ ಕಡೆ ಹೋಗುತ್ತದೆ.

ಇಂಕಿಂಗ್‌ಗೆ, ಅಂದರೆ ಪೆನ್ಸಿಲ್ ಗೆರೆಗೆ ಶಾಯಿ ಹಾಕುವುದಕ್ಕೆ, ಮುಂಚೆ ಮಾತೆಲ್ಲ ತೆಗೆದು, ಬರೀ ಥಂಬ್‌ನೇಲ್‌ಗಳನ್ನು (ಪುಟಗಳ ಸಣ್ಣ ಕರಡು ಚಿತ್ರ) ಕಥೆ ಗೊತ್ತಿಲ್ಲದವರ ಕೈಗೆ ಕೊಡುತ್ತೇನೆ. ಕೇಳುವುದು ಎರಡೇ: ಅವಳಿಗೆ ಕೈ ತೆಗೆಯಲು ಅವಕಾಶ ಇತ್ತೇ? ಅವಳು ಏನು ಕಳೆದುಕೊಂಡಳು? ಮೊದಲನೆಯದಕ್ಕೆ "ಇರಲಿಲ್ಲ" ಎಂದರೆ 5ನೇ ಪುಟ ಮತ್ತೆ ಬರೆಯುತ್ತೇನೆ, ಒಂದು ಪ್ಯಾನೆಲ್‌ನಲ್ಲಿ ಅವಳ ಕಣ್ಣು ಸ್ವಂತ ಬೆರಳಿನ ಮೇಲೆ ಹೋಗುವಂತೆ. ಎರಡನೆಯದಕ್ಕೆ "ಬಸ್ಸು ಉಳಿಯಿತಲ್ಲ" ಎಂಬಷ್ಟೇ ಉತ್ತರ ಬಂದರೆ ಸ್ಕ್ರೂ ಸಣ್ಣದಾಗಿದೆ. ಆ ಎರಡು ಪ್ಯಾನೆಲ್‌ಗಳನ್ನು ಪುಟದ ಪೂರ್ತಿ ಅಗಲಕ್ಕೆ ಹಿಗ್ಗಿಸುತ್ತೇನೆ.