ಹುಡುಕುವುದನ್ನೂ ಆಕರ ಹೇಳುವುದನ್ನೂ ಮಕ್ಕಳಿಗೆ ಒಟ್ಟಿಗೇ ಕಲಿಸುವ ಬಗೆ

ಏಳನೆಯ ತರಗತಿಯ ಮಕ್ಕಳಿಗೆ ‘ಶಿವನಸಮುದ್ರದ ವಿದ್ಯುತ್’ ಎಂಬ ಪ್ರಾಜೆಕ್ಟ್ ಕೊಟ್ಟರೆ, ಮೊದಲು ಸಿಕ್ಕ ಪುಟದ ಸಾಲುಗಳೇ ಹಾಳೆಗೆ ಇಳಿದು, ಕೊನೆಯಲ್ಲಿ ‘ಕೃಪೆ: ಗೂಗಲ್’ ಎಂದು ಸೇರಿಕೊಳ್ಳುವುದು ಸಾಮಾನ್ಯ. ಗೂಗಲ್ ಹುಡುಕಿ ಕೊಡುತ್ತದೆಯೇ ಹೊರತು ಆ ಮಾಹಿತಿಯನ್ನು ಬರೆದವರು ಬೇರೆಯವರು ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ‘ಚಿತ್ರಕೃಪೆ: ಅಂತರ್ಜಾಲ’ ಎಂದು ದೊಡ್ಡವರೇ ಅಚ್ಚು ಹಾಕುವಾಗ ಮಕ್ಕಳನ್ನಷ್ಟೇ ದೂರುವಂತಿಲ್ಲ.

ನಕಲಿಗೆ ಅರ್ಧ ಕಾರಣ ನಾವು ಕೇಳುವ ಪ್ರಶ್ನೆಯಲ್ಲೇ ಇರುತ್ತದೆ. ‘ಶಿವನಸಮುದ್ರದ ಬಗ್ಗೆ ಬರೆಯಿರಿ’ ಎನ್ನುವ ಬದಲು ‘ಅಲ್ಲಿನ ಜಲವಿದ್ಯುದಾಗಾರ ಏಷ್ಯಾದಲ್ಲೇ ಮೊದಲನೆಯದೇ?’ ಎಂದು ಕೇಳಿದರೆ, ಇದ್ದದ್ದನ್ನು ಇದ್ದಂತೆ ಇಳಿಸಿಕೊಂಡು ಉತ್ತರಿಸಲು ಬರುವುದಿಲ್ಲ. ಕಂಪ್ಯೂಟರ್ ತೆರೆಯುವ ಮೊದಲು ಹುಡುಕುಪದಗಳನ್ನು ಕಾಗದದ ಮೇಲೆ ಬರೆಸಿ. ಶಿವನಸಮುದ್ರ, ಶಿವಸಮುದ್ರ, ಶಿವಸಮುದ್ರಂ ಎಂಬ ಮೂರು ರೂಪಗಳೂ ಬಳಕೆಯಲ್ಲಿವೆ. ಕಾವೇರಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳಿದ್ದು, ಹಳೆಯ ದಾಖಲೆಗಳು ಹೆಚ್ಚಾಗಿ ‘ಸಿ’ಯಿಂದ ಆರಂಭವಾಗುವ ರೂಪದಲ್ಲೇ ಸಿಗುತ್ತವೆ.

ಹುಡುಕಾಟದ ಫಲಿತಾಂಶಗಳನ್ನು ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ನೋಡುವುದು ಒಳ್ಳೆಯದು. 1902ರಲ್ಲಿ ಆರಂಭವಾಗಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟ ಈ ಸ್ಥಾವರವನ್ನು ‘ಏಷ್ಯಾದ ಮೊದಲನೆಯದು’ ಎಂದು ಕರೆಯುವ ಪುಟಗಳು ಸಾಲುಸಾಲಾಗಿ ಬರುತ್ತವೆ. ಆದರೆ ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ ಸ್ಥಾವರ 1897ರದ್ದು, ಜಪಾನಿನ ಕ್ಯೋಟೋದಲ್ಲಿರುವ ಕೆಯಾಗೆ ಸ್ಥಾವರ 1891ರದ್ದು. ಇವನ್ನು ಮಕ್ಕಳೇ ಪತ್ತೆ ಮಾಡುವಂತೆ ಬಿಡಿ. ಅವಸರಪಟ್ಟು ಉತ್ತರ ಹೇಳಬೇಡಿ. ಒಂದನ್ನೊಂದು ನೋಡಿ ಬರೆದ ಇಪ್ಪತ್ತು ಪುಟಗಳು ಇಪ್ಪತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ ಎಂಬುದು ಆಗ ಅವರಿಗೆ ತಾನಾಗಿಯೇ ತಿಳಿಯುತ್ತದೆ. ಶಿವನಸಮುದ್ರದ ಹೆಚ್ಚುಗಾರಿಕೆಗೆ ಇದರಿಂದ ಕುಂದೇನೂ ಇಲ್ಲ. ಅಷ್ಟು ಹಿಂದೆಯೇ ನೂರು ಕಿಲೋಮೀಟರಿಗೂ ಮಿಕ್ಕಿದ ದೂರಕ್ಕೆ ವಿದ್ಯುತ್ ಸಾಗಿಸಿದ್ದೇ ಬರೆಯಲು ತಕ್ಕ ಸಂಗತಿ.

ವಿಕಿಪೀಡಿಯವನ್ನು ನಿಷೇಧಿಸುವ ಶಾಲೆಗಳಿವೆ. ಅದು ಸರಿಯಾದ ಕ್ರಮವೆಂದು ನನಗನ್ನಿಸುವುದಿಲ್ಲ. ಅಲ್ಲಿಂದ ಆರಂಭಿಸಲಿ, ಆದರೆ ವಾಕ್ಯದ ಪಕ್ಕದಲ್ಲಿರುವ ಸಣ್ಣ ಅಂಕಿಯನ್ನು ಒತ್ತಿ ಪುಟದ ಕೆಳಗಿನ ಉಲ್ಲೇಖಕ್ಕೆ ಹೋಗಿ, ಸಾಧ್ಯವಾದರೆ ಆ ಮೂಲವನ್ನೇ ಓದಲಿ. ನಾಡಿನ ವಿವರಗಳನ್ನು ದಾಖಲಿಸಿ ಸರ್ಕಾರ ಪ್ರಕಟಿಸಿದ ಹಳೆಯ ಮೈಸೂರು ಗೆಜೆಟಿಯರ್‌ಗಳ ಸ್ಕ್ಯಾನ್ ಪ್ರತಿಗಳು ಹಳೆಯ ಪುಸ್ತಕಗಳೂ ಇರುವ ಜಾಲಭಂಡಾರವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಚಾಟ್‌ಜಿಪಿಟಿಯಂತಹ ಸಾಧನಗಳು ಇಲ್ಲದ ಪುಸ್ತಕದ ಹೆಸರನ್ನೂ ಧೈರ್ಯವಾಗಿ ಹೇಳಬಲ್ಲವಾದ್ದರಿಂದ, ಅವು ಕೊಟ್ಟ ಉತ್ತರವನ್ನು ಆಕರವೆಂದು ಒಪ್ಪಬಾರದು.

ಟಿಪ್ಪಣಿ ಮಾಡುವಾಗಲೇ ಆಕರವನ್ನೂ ಬರೆದಿಡುವ ಅಭ್ಯಾಸವಾಗಬೇಕು. ಕೊನೆಗೆ ಬರೆದರಾಯಿತೆಂದರೆ ಯಾವುದು ಎಲ್ಲಿಯದೆಂದು ಯಾರಿಗೂ ನೆನಪಿರುವುದಿಲ್ಲ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಸಿ, ಎಡಕ್ಕೆ ವಿಷಯವನ್ನು ನಾಲ್ಕೈದು ಪದಗಳಲ್ಲಿ, ಬಲಕ್ಕೆ ಬರೆದವರ ಹೆಸರು, ಶೀರ್ಷಿಕೆ, ಜಾಲತಾಣ, ನೋಡಿದ ದಿನಾಂಕಗಳನ್ನು ಬರೆಸಿ. ಬರೆದವರ ಹೆಸರು ಕಾಣದಿದ್ದರೆ ಜಾಲತಾಣ ನಡೆಸುವ ಸಂಸ್ಥೆಯ ಹೆಸರು ಸಾಕು. ಪ್ರಬಂಧವನ್ನು ಪರದೆ ಮುಚ್ಚಿ, ಈ ಟಿಪ್ಪಣಿಯಿಂದಲೇ ಬರೆಯಲಿ. ಒಂದು ವಾಕ್ಯವನ್ನು ಇದ್ದಂತೆಯೇ ಬಳಸಬೇಕೆನಿಸಿದರೆ ಉದ್ಧರಣ ಚಿಹ್ನೆಯೊಳಗಿಟ್ಟು, ಯಾರ ಮಾತೆಂದು ಅಲ್ಲೇ ಹೇಳಲಿ. ಸ್ವಂತ ಮಾತಿನಲ್ಲಿ ಬರೆದಾಗಲೂ ಆಕರ ಹೇಳಬೇಕೆಂಬುದನ್ನು ಮಕ್ಕಳು ಬೇಗ ಒಪ್ಪುವುದಿಲ್ಲ, ಅದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಚಿತ್ರಗಳಿಗೆ, ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಜಾಲಸಂಗ್ರಹವಾದ ವಿಕಿಮೀಡಿಯ ಕಾಮನ್ಸ್ ಅನುಕೂಲ. ಚಿತ್ರದ ಪುಟದಲ್ಲಿ ಸಾಮಾನ್ಯವಾಗಿ ಛಾಯಾಗ್ರಾಹಕರ ಹೆಸರು ಮತ್ತು ಪರವಾನಗಿ ಇರುತ್ತವೆ, ಎರಡನ್ನೂ ಚಿತ್ರದ ಕೆಳಗೇ ಬರೆಯಿಸಿ.

ಅಂಕ ಕೊಡುವಾಗ ಆಕರಗಳಿಗೆ ಪ್ರತ್ಯೇಕ ಅಂಕವಿಡಿ. ಪ್ರತಿ ಮಗುವಿನ ಪಟ್ಟಿಯಿಂದ ಒಂದನ್ನು ಆರಿಸಿ, ತೆರೆದು, ಆ ಮಾತು ಅಲ್ಲಿ ಎಲ್ಲಿದೆಯೆಂದು ತೋರಿಸಲು ಹೇಳಿ. ಪುಟವೇ ಅಳಿಸಿಹೋಗಿದ್ದರೆ ಅಂಕ ಕಳೆಯಬೇಡಿ. ನೋಡಿದ ದಿನಾಂಕ ಬರೆಸಿದ್ದು ಇಂತಹ ಸಂದರ್ಭಕ್ಕೇ.