ಕೆನಡಾದಲ್ಲಿ ನಿರಾಶ್ರಿತ ಕುಟುಂಬಕ್ಕೆ ಸ್ಪಾನ್ಸರ್ ಆಗುವುದು: ಮೊದಲ ವರ್ಷ ಜೊತೆಗೆ ನಿಲ್ಲೋದು ಹೇಗೆ?

ಕೆನಡಾದಲ್ಲಿ ನಮ್ಮಂಥ ಸಾಮಾನ್ಯ ಜನರೂ ಗುಂಪು ಕಟ್ಟಿಕೊಂಡು ಒಂದು ನಿರಾಶ್ರಿತ ಕುಟುಂಬವನ್ನು ಕರೆಸಿಕೊಳ್ಳಬಹುದು. ಇಲ್ಲಿ ವರ್ಷಗಟ್ಟಲೆ ಇರುವ ಎಷ್ಟೋ ಕನ್ನಡಿಗರಿಗೆ ಇದು ಗೊತ್ತೇ ಇಲ್ಲ. ವಿಯೆಟ್ನಾಮಿನಿಂದ ಜನ ದೋಣಿ ಹತ್ತಿ ಜೀವ ಉಳಿಸಿಕೊಳ್ಳಲು ಓಡುತ್ತಿದ್ದ ಕಾಲದಲ್ಲಿ, 1979ರಲ್ಲಿ, ಮೆನ್ನೊನೈಟ್ ಅನ್ನುವ ಕ್ರೈಸ್ತ ಪಂಗಡದ ಚರ್ಚುಗಳ ಸೇವಾ ಸಂಸ್ಥೆ ಹೀಗೆ ನಿರಾಶ್ರಿತರನ್ನು ಕರೆಸಿಕೊಳ್ಳಲು ಸರ್ಕಾರದ ಜೊತೆ ಮೊದಲ ಒಪ್ಪಂದ ಮಾಡಿಕೊಂಡಿತು. ಆ ವರ್ಷ ಮತ್ತು ಮುಂದಿನ ವರ್ಷ ಸೇರಿ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ ಸುಮಾರು 60,000 ಜನ ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕರೆಸಿಕೊಂಡಿದ್ದು ಚರ್ಚುಗಳು, ಅಕ್ಕಪಕ್ಕದ ಮನೆಯವರು, ಸ್ನೇಹಿತರ ಗುಂಪುಗಳು. 1986ರಲ್ಲಿ, ನಿರಾಶ್ರಿತರಿಗಾಗಿ ದುಡಿದವರಿಗೆ ವಿಶ್ವಸಂಸ್ಥೆ ಕೊಡುವ ನಾನ್ಸೆನ್ ಪದಕ ಕೆನಡಾದ ಜನರಿಗೇ ಸಿಕ್ಕಿತು.

ಇದು ಚರ್ಚಿನವರ ಕೆಲಸ, ನಮಗಲ್ಲ ಅಂದುಕೊಳ್ಳಬೇಡಿ. ಅಫ್ಘಾನಿಸ್ತಾನದ ಸಿಖ್ ಮತ್ತು ಹಿಂದೂ ಕುಟುಂಬಗಳಿಗಾಗಿ ಓಡಾಡಿದವರು ಆಲ್ಬರ್ಟಾದ ಶಾಸಕ ಮನ್‌ಮೀತ್ ಸಿಂಗ್ ಭುಲ್ಲರ್. 2015ರ ನವೆಂಬರಿನಲ್ಲಿ, ಹಿಮ ಬೀಳುತ್ತಿದ್ದ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕ ಒಬ್ಬರಿಗೆ ಸಹಾಯ ಮಾಡಲು ಕಾರು ನಿಲ್ಲಿಸಿ ಇಳಿದಾಗ ಅವರು ತೀರಿಕೊಂಡರು. ಅವರ ಹೆಸರಿನ ಫೌಂಡೇಶನ್ ಆ ಕೆಲಸವನ್ನು ಮುಂದುವರಿಸಿತು. ನಾನಿರುವ ಗುಂಪು ಒಂಟಾರಿಯೊದ ಒಂದು ಚರ್ಚಿನದು, ಆದರೆ ಅದರಲ್ಲಿ ದೇವಸ್ಥಾನಕ್ಕೆ ಹೋಗುವವರೂ ಇದ್ದಾರೆ, ಎಲ್ಲಿಗೂ ಹೋಗದವರೂ ಇದ್ದಾರೆ.

ದಾರಿ ಯಾವುದು?

ಐದು ಜನ ಸೇರಿ ನೇರವಾಗಿ ಅರ್ಜಿ ಹಾಕುವ ದಾರಿ ಒಂದಿದೆ. ಆದರೆ 2024ರ ನವೆಂಬರ್ 29ರಿಂದ ಅದರಲ್ಲಿ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ಸರ್ಕಾರ ತಡೆಹಿಡಿಯಿತು. ಹಾಗಾಗಿ ಮೊದಲು ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ಇವತ್ತಿನ ಸ್ಥಿತಿ ನೋಡಿಕೊಳ್ಳಿ. ಇನ್ನೊಂದು ದಾರಿ, ನನ್ನ ಪ್ರಕಾರ ಹೊಸಬರಿಗೆ ಇದೇ ಒಳ್ಳೆಯದು: ಸರ್ಕಾರದ ಜೊತೆ ಆಗಲೇ ಒಪ್ಪಂದ ಇರುವ ಸಂಸ್ಥೆಯ ಕೆಳಗೆ ಕೆಲಸ ಮಾಡುವುದು. ಕ್ಯಾಥೊಲಿಕ್ ಡಯೋಸಿಸ್‌ಗಳು (ಬಿಷಪ್ಪರ ಆಡಳಿತದ ಧರ್ಮಪ್ರಾಂತ್ಯಗಳು), ಆಂಗ್ಲಿಕನ್, ಯುನೈಟೆಡ್ ಚರ್ಚ್, ಮೆನ್ನೊನೈಟರು, ಯಹೂದಿ ಸಂಸ್ಥೆಗಳು, ಹೀಗೆ ಬಹಳಷ್ಟು ಧಾರ್ಮಿಕ ಸಂಸ್ಥೆಗಳಿಗೆ ಈ ಒಪ್ಪಂದ ಇದೆ. ಫಾರಂ ತುಂಬಲು, ತರಬೇತಿ ಕೊಡಲು ಅಲ್ಲಿ ಅನುಭವಸ್ಥರು ಸಿಗುತ್ತಾರೆ. ಅರ್ಜಿ ಹಾಕಿದ ಮೇಲೆ ಕುಟುಂಬ ಬಂದಿಳಿಯಲು ವರ್ಷಗಳೇ ಹಿಡಿಯಬಹುದು, ಇದನ್ನು ಗುಂಪಿನವರಿಗೆ ಮೊದಲ ಮೀಟಿಂಗಿನಲ್ಲೇ ಹೇಳಿಬಿಡಿ.

ದುಡ್ಡಿನ ವಿಷಯ

ಕುಟುಂಬ ಬಂದ ದಿನದಿಂದ ಸಾಮಾನ್ಯವಾಗಿ 12 ತಿಂಗಳು ಬಾಡಿಗೆ, ಊಟ, ಬಟ್ಟೆ, ಓಡಾಟದ ಖರ್ಚು ನಿಮ್ಮ ಜವಾಬ್ದಾರಿ. ಅವರು ಅದಕ್ಕಿಂತ ಮೊದಲೇ ಸ್ವಂತ ಕಾಲ ಮೇಲೆ ನಿಂತರೆ ಬೇರೆ ಮಾತು. ಎಷ್ಟು ದುಡ್ಡು ಕೂಡಿಸಬೇಕು ಅನ್ನೋದು ಮನೆಯಲ್ಲಿ ಎಷ್ಟು ಜನ, ಯಾವ ಊರು ಅನ್ನೋದರ ಮೇಲಿದೆ. ಟೊರೊಂಟೊ ಸುತ್ತಮುತ್ತ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಹೋಗುತ್ತದೆ. ಈ ದುಡ್ಡಿಗೆ ಬೇರೆಯೇ ಖಾತೆ ತೆರೆಯಿರಿ, ಇಬ್ಬರ ಸಹಿ ಇರಲಿ. ಕುಟುಂಬದವರಿಂದಾಗಲಿ ಅವರ ನೆಂಟರಿಂದಾಗಲಿ ಸ್ಪಾನ್ಸರ್ ಮಾಡುವುದಕ್ಕೆಂದು ಒಂದು ಡಾಲರ್ ಕೂಡ ಕೇಳುವ ಹಾಗಿಲ್ಲ, ಆಮೇಲೆ ವಾಪಸ್ ಕೊಡಿ ಅನ್ನುವ ಹಾಗೂ ಇಲ್ಲ.

ತಿಂಗಳ ದುಡ್ಡನ್ನು ಅವರದೇ ಬ್ಯಾಂಕ್ ಖಾತೆಗೆ ಹಾಕಿ. ರಸೀದಿ ಕೇಳಬೇಡಿ. ಮಗನಿಗೆ ದುಬಾರಿ ಶೂ ಕೊಂಡರು, ಊರಿಗೆ ಸ್ವಲ್ಪ ಕಳಿಸಿದರು ಅಂತ ಕಮಿಟಿಯಲ್ಲಿ ಚರ್ಚೆ ಬಂದರೆ ಅಲ್ಲೇ ನಿಲ್ಲಿಸಿ. ಕ್ಯಾಂಪಿನಲ್ಲಿ ವರ್ಷಗಟ್ಟಲೆ ರೇಷನ್ ಸಾಲಿನಲ್ಲಿ ನಿಂತವರಿಗೆ ತಮ್ಮ ಕೈಯಾರೆ ಖರ್ಚು ಮಾಡುವ ಹಕ್ಕು ಸಿಗಬೇಕು, ಅಲ್ವಾ?

ಬಂದಿಳಿದ ದಿನ

ಏರ್‌ಪೋರ್ಟಿಗೆ ಇಬ್ಬರು ಮೂವರು ಹೋದರೆ ಸಾಕು. ಅವರ ಭಾಷೆ ಬಲ್ಲ ಒಬ್ಬರು ಕಡ್ಡಾಯ. ಇಂಗ್ಲಿಷ್ ಚೂರುಪಾರು ಬರುತ್ತದೆ ಅಂತ ಮಕ್ಕಳನ್ನೇ ದುಭಾಷಿ ಮಾಡಿಬಿಡಬೇಡಿ, ಮುಖ್ಯವಾಗಿ ಡಾಕ್ಟರ ಹತ್ತಿರ. ಚಳಿಗಾಲವಾದರೆ ಜಾಕೆಟ್, ಬೂಟು, ಗ್ಲೌಸ್ ಕಾರಿನಲ್ಲೇ ಇರಲಿ.

ಮನೆಯಲ್ಲಿ ಮೊದಲ ಊಟಕ್ಕೆ ಏನಿಡಬೇಕು ಅಂತ ಅವರ ಸಮುದಾಯದವರನ್ನೇ ಕೇಳಿ. ಉದಾಹರಣೆಗೆ, ಆಫ್ರಿಕಾದ ಎರಿಟ್ರಿಯಾ ದೇಶದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ದೊಡ್ಡ ಉಪವಾಸಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ದಿನ ಇಂಜೆರಾ, ಅಂದರೆ ಅವರ ಹುಳಿ ದೋಸೆಯಂಥ ರೊಟ್ಟಿ, ಅದರ ಜೊತೆ ಶಿರೋ ಇದ್ದರೆ ಸಾಕು. ಶಿರೋ ಅಂದರೆ ಕಡಲೆಹಿಟ್ಟಿಗೆ ಈರುಳ್ಳಿ, ಖಾರದಪುಡಿ ಹಾಕಿ ಗಟ್ಟಿಯಾಗಿ ಕುದಿಸಿದ ಸಾರು, ನಮ್ಮ ಅಡುಗೆಮನೆಯವರು ಒಂದು ಸಲ ನೋಡಿದರೆ ಮಾಡಿಯಾರು. ಅವರು ನಿಮ್ಮನ್ನು ಕಾಫಿಗೆ ಕರೆದರೆ ಗಡಿಬಿಡಿಯಲ್ಲಿ ಹೋಗಬೇಡಿ. ಹಸಿ ಬೀಜ ನಿಮ್ಮೆದುರೇ ಹುರಿದು, ಆ ಹೊಗೆಯನ್ನು ನಿಮ್ಮ ಮುಖದ ಹತ್ತಿರ ತಂದು, ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕಾಯಿಸಿ ಮೂರು ಸುತ್ತು ಕೊಡುತ್ತಾರೆ. ಮೂರನೇ ಸುತ್ತಿಗೆ ಮೊದಲೇ ಏಳುವುದು ಚೆನ್ನಾಗಿರುವುದಿಲ್ಲ. ಸುಮ್ನೆ ಕೂತು ಕುಡಿಯಿರಿ. ಫಾರಂ ತುಂಬುವಾಗ ಬಾಯಿಗೆ ಬಾರದ ಮಾತು ಇಲ್ಲಿ ಬರುತ್ತದೆ.

ಕಾಗದಪತ್ರ

ಮೊದಲ ವಾರದಲ್ಲೇ ಕೆಲಸಕ್ಕೆ ಸೇರಲು ಬೇಕಾದ ಸಾಮಾಜಿಕ ವಿಮೆ ಸಂಖ್ಯೆ (SIN), ಬ್ಯಾಂಕ್ ಖಾತೆ, ಪ್ರಾಂತ್ಯದ ಆರೋಗ್ಯ ಕಾರ್ಡ್ ಮುಗಿಸಿ. ಮಕ್ಕಳಿದ್ದರೆ ಚೈಲ್ಡ್ ಬೆನಿಫಿಟ್, ಅಂದರೆ ಮಕ್ಕಳನ್ನು ಸಾಕಲು ಸರ್ಕಾರ ಕೊಡುವ ದುಡ್ಡಿನ ಅರ್ಜಿಯನ್ನು ತಡ ಮಾಡಲೇಬೇಡಿ, ಆ ದುಡ್ಡು ಮನೆಗೆ ದೊಡ್ಡ ಆಸರೆ. ಶಾಲೆ, ದೊಡ್ಡವರಿಗೆ ಸರ್ಕಾರದ ಉಚಿತ ಇಂಗ್ಲಿಷ್ ಕ್ಲಾಸು ಆಮೇಲೆ. ನಿರಾಶ್ರಿತರಿಗೆ ಕೇಂದ್ರ ಸರ್ಕಾರದ್ದೇ ಒಂದು ಆರೋಗ್ಯ ಯೋಜನೆಯೂ ಇದೆ. ಅದರಲ್ಲಿ ಔಷಧಿ, ಹಲ್ಲು, ಕಣ್ಣಿಗೆ ಏನೇನು ಸಿಗುತ್ತದೆ ಅಂತ ಈಗಿನ ನಿಯಮ ನೋಡಿ, ಅದನ್ನು ಒಪ್ಪುವ ಕ್ಲಿನಿಕ್ ಮೊದಲೇ ಹುಡುಕಿಡಿ.

ಒಂದು ತಾರೀಖು ಮಾತ್ರ ಕೆಂಪು ಶಾಯಿಯಲ್ಲಿ ಬರೆದಿಡಿ. ಹೆಂಡತಿ, ಗಂಡ ಅಥವಾ ಅವಲಂಬಿತ ಮಕ್ಕಳು ಹಿಂದೆ ಉಳಿದಿದ್ದರೆ, ಅವರ ಹೆಸರು ಮೂಲ ಅರ್ಜಿಯಲ್ಲಿ ಇದ್ದರೆ, ಬಂದು ಒಂದು ವರ್ಷದೊಳಗೆ ಅವರನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಆ ವರ್ಷ ಕಳೆದರೆ ಈ ಬಾಗಿಲು ಮುಚ್ಚಿಹೋಗುತ್ತದೆ. ಇಂಗ್ಲಿಷ್ ಕ್ಲಾಸು, ಕೆಲಸದ ಹುಡುಕಾಟದ ಮಧ್ಯೆ ಇದು ಮರೆತುಹೋದರೆ ಒಂದು ಸಂಸಾರವೇ ಮತ್ತೆ ವರ್ಷಗಟ್ಟಲೆ ಬೇರೆ ಬೇರೆ ಇರಬೇಕಾಗುತ್ತದೆ.

ದೇವರ ಹೆಸರಲ್ಲಿ ಮಾಡುವಾಗ

ನಂಬಿಕೆ ಇರುವುದರಿಂದಲೇ ನಮ್ಮಲ್ಲಿ ಬಹಳ ಜನ ಈ ಕೆಲಸಕ್ಕೆ ಇಳಿಯುತ್ತಾರೆ. ನನಗೂ ಹಾಗೇ. ಆದರೆ ಬಂದವರು ನಮ್ಮ ಪ್ರಾರ್ಥನೆಗೆ ಬರಬೇಕು ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಮನೆ ಬಾಡಿಗೆ ಕಟ್ಟುವವರು ಕರೆದರೆ ಒಲ್ಲೆ ಅನ್ನುವುದು ಎಷ್ಟು ಕಷ್ಟ, ಯೋಚನೆ ಮಾಡಿ. ಅದಕ್ಕೇ ಕರೆಯುವುದನ್ನೇ ಬಿಡಿ, ಅವರಾಗಿ ಕೇಳಿದರೆ ಮಾತ್ರ ಕರೆದುಕೊಂಡು ಹೋಗಿ. ಅವರ ಮಸೀದಿ, ಗುರುದ್ವಾರ, ಚರ್ಚ್ ಎಲ್ಲಿದೆ, ಯಾವ ಬಸ್ ಹತ್ತಬೇಕು ಅಂತ ತೋರಿಸಿ. ಎರಿಟ್ರಿಯಾದ ಆರ್ಥೊಡಾಕ್ಸ್ ಕುಟುಂಬಕ್ಕೆ ಕ್ರಿಸ್‌ಮಸ್ ಜನವರಿ 7ಕ್ಕೆ. ಡಿಸೆಂಬರ್ 25ಕ್ಕೆ ಅವರಿಗಿನ್ನೂ ಉಪವಾಸ. ಆವತ್ತು ಕೇಕ್, ಚಿಕನ್ ಹೊತ್ತು ಮನೆಗೆ ಹೋದರೆ ಪಾಪ, ಅವರಿಗೆ ತಿನ್ನಲೂ ಆಗುವುದಿಲ್ಲ, ಬೇಡ ಅನ್ನಲೂ ಆಗುವುದಿಲ್ಲ.

ಎಲ್ಲರೆದುರು ನಿಲ್ಲಿಸಿ ಪರಿಚಯ ಮಾಡಿಸುವುದು, ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕುವುದು ಬೇಡವೇ ಬೇಡ. ಊರಲ್ಲಿ ಉಳಿದ ತಾಯಿ, ತಮ್ಮನಿಗೆ ಅದರಿಂದ ನಿಜವಾದ ಅಪಾಯ ಆಗಬಹುದು. ಯಾಕೆ ಓಡಿಬಂದಿರಿ, ದಾರಿಯಲ್ಲಿ ಏನಾಯಿತು ಅಂತಲೂ ಕೇಳಬೇಡಿ.

ಹದಿಮೂರನೇ ತಿಂಗಳು

ಸ್ಪಾನ್ಸರ್ ಗುಂಪುಗಳಲ್ಲಿ ಈ ತಿಂಗಳ ಮಾತು ಯಾವಾಗಲೂ ಬರುತ್ತದೆ, ಯಾಕೆಂದರೆ ನಿಮ್ಮ ದುಡ್ಡು ನಿಲ್ಲುವುದು ಆಗ. ಹೊರಡುವ ಮುಂಚಿನ ಮೆಡಿಕಲ್ ಮತ್ತು ವಿಮಾನದ ಖರ್ಚಿಗೆ ಸರ್ಕಾರದಿಂದ ಸಾಲ ಪಡೆದಿದ್ದರೆ ಅದರ ಕಂತು ಶುರುವಾಗುವುದೂ ಸುಮಾರು ಆಗಲೇ. 2018ರಿಂದ ಆ ಸಾಲಕ್ಕೆ ಬಡ್ಡಿಯಿಲ್ಲ, ಆದರೂ ಅಸಲು ಕಟ್ಟಲೇಬೇಕು. ಹಾಗಾಗಿ ಎಂಟು ಒಂಬತ್ತನೇ ತಿಂಗಳಿಗೇ ಅವರ ಜೊತೆ ಕೂತು ಸಂಬಳ ಎಷ್ಟು, ಬಾಡಿಗೆ ಎಷ್ಟು, ಎಷ್ಟು ಕಡಿಮೆ ಬೀಳುತ್ತದೆ ಅಂತ ಕಾಗದದ ಮೇಲೆ ಬರೆಯಿರಿ. ಕಡಿಮೆ ಬಿದ್ದರೆ ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕಲು ಅವರಿಗೆ ಹಕ್ಕಿದೆ, ಅದರಲ್ಲಿ ನಾಚಿಕೆಯ ಮಾತೇ ಇಲ್ಲ ಅಂತ ಬಿಡಿಸಿ ಹೇಳಿ. ಕರೆಂಟು, ಫೋನು, ಇಂಟರ್ನೆಟ್ ಬಿಲ್ಲುಗಳು ಗುಂಪಿನವರ ಹೆಸರಲ್ಲಿದ್ದರೆ ಒಂದೊಂದಾಗಿ ಅವರ ಹೆಸರಿಗೆ ಬದಲಿಸಿ. ಬಾಡಿಗೆ ಕರಾರು ಹೊಸದಾಗಿ ಬರೆಯುವ ದಿನ ಮನೆ ಮಾಲೀಕರ ಜೊತೆ ಅವರೇ ಮಾತಾಡಲಿ, ನೀವು ಪಕ್ಕದಲ್ಲಿ ಇದ್ದರೆ ಸಾಕು.