ಪವರ್ ಆಮೇಲೆ, ಮೊದಲು ತಕ್ಕಡಿ

ಕಾರನ್ನು ರೇಸಿಗೆ ಸಜ್ಜು ಮಾಡಲು ಹೊರಟವರು ಮೊದಲು ಕೈ ಹಾಕುವುದೇ ಎಂಜಿನ್‌ಗೆ. ಟರ್ಬೊ, ಎಕ್ಸಾಸ್ಟ್ ಅಂತ ದುಡ್ಡು ಸುರಿಯುತ್ತಾರೆ. ಆ ಕಾರು ನೇರ ದಾರಿಯಲ್ಲಿ ಹಾರುತ್ತದೆ, ತಿರುವಿನಲ್ಲಿ ಒದ್ದಾಡುತ್ತದೆ.

ಸಣ್ಣ ಲೆಕ್ಕ ನೋಡಿ. 1,000 ಕೆ.ಜಿ. ಕಾರಿಗೆ 100 ಎಚ್‌ಪಿ (ಎಂಜಿನ್ ಶಕ್ತಿಯ ಅಳತೆ, ಹಾರ್ಸ್‌ಪವರ್) ಇದ್ದರೆ ಒಂದೊಂದು ಎಚ್‌ಪಿ 10 ಕೆ.ಜಿ. ಎಳೆಯಬೇಕು. 100 ಕೆ.ಜಿ. ಇಳಿಸಿದರೆ 9 ಕೆ.ಜಿ. ಸಾಕು. ತೂಕ ಇಳಿಸದೆ ಇದೇ ಲಾಭ ಬೇಕೆಂದರೆ ಇನ್ನೂ 11 ಎಚ್‌ಪಿ ಹುಡುಕಬೇಕು. ಆ 11 ಎಚ್‌ಪಿ ಬ್ರೇಕ್ ಒತ್ತುವಾಗ ಕೆಲಸಕ್ಕೆ ಬರಲ್ಲ, ಇಳಿಸಿದ ತೂಕ ಬರುತ್ತದೆ.

ಹಿಂದಿನ ಸೀಟು, ಸ್ಟೆಪ್ನಿ, ಕಾರ್ಪೆಟ್ ಕಿತ್ತು ಹಾಕಿ. ಕಾರು ಪಲ್ಟಿಯಾದರೆ ಡ್ರೈವರನ್ನು ಕಾಯುವ ಉಕ್ಕಿನ ಪಂಜರ, ಅಂದರೆ ರೋಲ್ ಕೇಜ್‌ನ ತೂಕದಲ್ಲಿ ಮಾತ್ರ ಜಿಪುಣತನ ಬೇಡ. ಬ್ಯಾಟರಿಯನ್ನು ಹಿಂದಕ್ಕೆ, ಡ್ರೈವರ್ ಕೂರದ ಬದಿಗೆ ಸಾಗಿಸಿ.

ಇನ್ನು ಎಲ್ಲರೂ ಎಡವುವ ಜಾಗ: ನಾಲ್ಕು ಚಕ್ರಗಳ ಮೇಲೆ ಬೀಳುವ ತೂಕ. ಒಂದೊಂದು ಚಕ್ರದಡಿ ಒಂದೊಂದು ತಕ್ಕಡಿ ಇಟ್ಟು ಇದನ್ನು ನೋಡುತ್ತಾರೆ. ಖಾಲಿ ಕಾರನ್ನು ತೂಗುವವರನ್ನು ಎಷ್ಟೋ ಸಲ ನೋಡಿದ್ದೇನೆ. ರೇಸ್ ಓಡಿಸುವುದು ದೆವ್ವ ಅಲ್ವಲ್ಲ! ಸೀಟಿನಲ್ಲಿ ಡ್ರೈವರ್ ಇರಲಿ, ಇಲ್ಲವೇ ಅವರಷ್ಟೇ ತೂಕದ ಮೂಟೆ ಇರಲಿ. ಟ್ಯಾಂಕ್ ಅರ್ಧ ತುಂಬಿಸಿ. ಟೈರ್ ಗಾಳಿ ಸರಿ ಮಾಡಿ. ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎಡ ಬಲ ಬದಿಗಳನ್ನು ಜೋಡಿಸುವ ಕಂಬಿಯೇ ಆಂಟಿ ರೋಲ್ ಬಾರ್; ಅದನ್ನು ಹಿಡಿದಿಡುವ ಲಿಂಕ್ (ಜೋಡಣೆಯ ಕೊಂಡಿ) ಒಂದು ಕಡೆ ಬಿಚ್ಚಿ. ನಾಲ್ಕೂ ತಕ್ಕಡಿಗಳು ಒಂದೇ ಮಟ್ಟದಲ್ಲಿರಬೇಕು. ನೆಲ ಓರೆ ಇದ್ದರೆ ಬರುವ ಅಂಕಿಗಳೆಲ್ಲ ಸುಳ್ಳು.

ಮುಂದಿನ ಎಡ ಚಕ್ರ 290 ಕೆ.ಜಿ., ಮುಂದಿನ ಬಲ 270, ಹಿಂದಿನ ಎಡ 210, ಹಿಂದಿನ ಬಲ 230 ಬಂತು ಅನ್ನಿ. ಎಡಕ್ಕೂ ಬಲಕ್ಕೂ 500, ಸರಿಯೇ ಇದೆ ಅನಿಸುತ್ತದೆ. ಆದರೆ ಮೂಲೆಯಿಂದ ಮೂಲೆಗೆ ಕೂಡಿ: ಒಂದು ಕರ್ಣ 520, ಇನ್ನೊಂದು 480. ಈ ಕಾರು ಬಲಕ್ಕೆ ತಿರುಗಲು ಹಟ ಮಾಡುತ್ತದೆ, ಎಡಕ್ಕೆ ತಿರುಗಿಸಿದರೆ ಬಾಲ ಎಸೆಯುತ್ತದೆ.

ಕುಂಟುವ ಮಂಚದ ಒಂದು ಕಾಲಿಗೆ ರಟ್ಟು ಕೊಟ್ಟರೆ ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಭಾರ ಏರುತ್ತದೆ. ಇಲ್ಲೂ ಅಷ್ಟೇ. ಮುಂದಿನ ಬಲ, ಹಿಂದಿನ ಎಡ ಸ್ಪ್ರಿಂಗ್ ತಟ್ಟೆಗಳನ್ನು (ಸ್ಪ್ರಿಂಗ್ ಕೂರುವ, ತಿರುಗಿಸಿ ಏರಿಸಿ ಇಳಿಸುವ ತಟ್ಟೆಗಳು) ಅರ್ಧ ಸುತ್ತು ಏರಿಸಿ. ಉಳಿದೆರಡನ್ನು ಅಷ್ಟೇ ಇಳಿಸಿ. ಒಂದೇ ಮೂಲೆ ತಿರುಗಿಸಿ ಕೆಲಸ ಮುಗಿಸುವ ಶಾರ್ಟ್‌ಕಟ್ ಬೇಡ, ಕಾರಿನ ಎತ್ತರ ಕೆಡುತ್ತದೆ. ಪ್ರತಿ ಸಲವೂ ಕಾರನ್ನು ನಾಲ್ಕೈದು ಬಾರಿ ಒತ್ತಿ ಕುಣಿಸಿ, ಆಮೇಲೆ ಅಂಕಿ ಓದಿ. ಎರಡು ಕರ್ಣಗಳೂ 500ರ ಆಸುಪಾಸಿಗೆ ಬರುವ ತನಕ ಇದೇ ಕೆಲಸ.

ಸ್ಪ್ರಿಂಗ್ ತಿರುಗಿಸಿ ಮುಂದಿನ ಒಟ್ಟು 560 ಅನ್ನು ಇಳಿಸಲು ಹೋಗಬೇಡಿ, ಸುಮ್ನೆ ಶ್ರಮ. ಅದಕ್ಕೆ ಸಾಮಾನನ್ನೇ ಹಿಂದಕ್ಕೆ ಸರಿಸಬೇಕು.

ಕೊನೆಗೆ ಲಿಂಕ್ ಜೋಡಿಸಿ. ಬೋಲ್ಟ್ ಬೆರಳಲ್ಲೇ ಒಳಗೆ ಹೋಗಬೇಕು. ಎಳೆದು ಕೂರಿಸಬೇಕಾಗಿ ಬಂದರೆ ಲಿಂಕ್‌ನ ಉದ್ದ ಹೊಂದಿಸಿ, ಇಲ್ಲದಿದ್ದರೆ ಇಷ್ಟು ಹೊತ್ತು ತೂಗಿದ್ದೆಲ್ಲ ನೀರುಪಾಲು.